ಗೇಟ್‌ಮನ್ ಮಗಳು ಕೇಜಿಗಿಳಿದದ್ದು

ನಮ್ಮಪ್ಪ ಅಜ್ಜಂಪುರದ ಹತ್ತಿರ ರೈಲ್ವೆ ಗೇಟ್ ಕಾಯುತ್ತಿದ್ದರು. ಗಾಡಿ ಬರುವ ಹೊತ್ತಿಗೆ ಗೇಟ್ ಹಾಕಿದರೆ ಆಚೆಗೊಂದಷ್ಟು ಈಚೆಗೊಂದಷ್ಟು ಜನ ನಿಂತು ಅಪ್ಪನಿಗೆ ಬೈಯುತ್ತಿದ್ದರು. ಈರುಳ್ಳಿ ಲಾರಿಯವರು, ಬೈಕಿನವರು, ಮದುವೆಗೆ ಹೊರಟವರು, ಎಲ್ಲರೂ. ಅಪ್ಪ ಬಾವುಟ ಹಿಡಿದು ನಿಂತರೆ ತಿರುಗಿ ಒಂದು ಮಾತಾಡುತ್ತಿರಲಿಲ್ಲ. ನನಗೆ ಮಾತ್ರ ಬೈದವರ ಮೇಲೆ ಹೋಗಿ ಬೀಳಬೇಕು ಅನ್ನಿಸುತ್ತಿತ್ತು. ಮುಂದೆ ಜನರ ಮೇಲೆ ಬೀಳುವುದೇ ನನ್ನ ಕಸುಬಾಗುತ್ತದೆ ಎಂದು ಆಗ ಯಾರಾದರೂ ಹೇಳಿದ್ದರೆ ಅಪ್ಪ ನಗುತ್ತಲೂ ಇರಲಿಲ್ಲ.

ಶುರುವಾದದ್ದು ಕಬಡ್ಡಿಯಿಂದ. ತರೀಕೆರೆಯಲ್ಲಿ ಪಿಯುಸಿ ಓದುವಾಗ ಒಂದು ಪಂದ್ಯದಲ್ಲಿ ಎದುರಿನ ತಂಡದ ಹುಡುಗಿಯ ಕಣಕಾಲು ಹಿಡಿದೆ. ಅವಳು ನನಗಿಂತ ಗೇಣುದ್ದ ಎತ್ತರ, ಒಳ್ಳೆ ಗಟ್ಟಿಮುಟ್ಟು. ನನ್ನನ್ನು ಗೋಣಿಚೀಲದ ಹಾಗೆ ಎಳೆದುಕೊಂಡೇ ಮಧ್ಯದ ಗೆರೆಯ ಹತ್ತಿರ ಹೋದಳು. ನನ್ನ ಮೊಣಕೈ ಸಿಪ್ಪೆ ಸುಲಿದು ಮಣ್ಣಿಗಂಟಿತು. ಗೆರೆ ಮುಟ್ಟುವ ಮೊದಲೇ ಅವಳ ಉಸಿರು ಮುಗಿದು ಔಟಾದಳು.

ಪಂದ್ಯ ಮುಗಿದ ಮೇಲೆ, ನೋಡಲು ಬಂದಿದ್ದ ಕುರುಚಲು ಗಡ್ಡದ ಒಬ್ಬರು ನಲ್ಲಿಯ ಹತ್ತಿರ ಬಂದು ಕೇಳಿದರು. "ಅಷ್ಟು ದೂರ ಎಳೆದ್ಲಲ್ಲಮ್ಮ, ಕಾಲು ಯಾಕೆ ಬಿಡ್ಲಿಲ್ಲ?"

"ಬಿಟ್ರೆ ಹೋಗ್ಬಿಡ್ತಾಳಲ್ಲ ಸಾರ್."

ಅವರು ತರೀಕೆರೆಯವರೇ. ಗಲ್ಫಿನಲ್ಲಿ ಡ್ರೈವರಾಗಿದ್ದಾಗ ಸಂಜೆ ಹೊತ್ತು ಜಿಯು-ಜಿಟ್ಸು ಎಂಬ ಹಿಡಿತದ ಕುಸ್ತಿ ಕಲಿತು, ಅಲ್ಲೇ ಪಂದ್ಯಗಳಲ್ಲೂ ಆಡಿ ಬಂದಿದ್ದರು. ಈಗ ಟೈರ್ ಅಂಗಡಿ ಇಟ್ಟುಕೊಂಡು, ಅದರ ಮೇಲಿನ ಹಾಲ್‌ನಲ್ಲಿ ಮ್ಯಾಟ್ ಹಾಸಿ ಕಲಿಸುತ್ತಿದ್ದರು. ಎಲ್ಲರೂ ಅವರನ್ನು ಉಸ್ತಾದ್ ಅನ್ನುತ್ತಿದ್ದರು. ಕಲಿಯುವವರಲ್ಲಿ ಹುಡುಗಿಯರು ಒಬ್ಬರೂ ಇರಲಿಲ್ಲ, ಆದರೂ ನನ್ನನ್ನು ಬಾ ಎಂದರು. ನಮ್ಮವ್ವ ಶಾಲೆಯಲ್ಲಿ ಬಿಸಿಯೂಟ ಮಾಡುವವಳು, ಸುಲಭಕ್ಕೆ ಒಪ್ಪುವವಳಲ್ಲ. ಉಸ್ತಾದ್ ಹೆಂಡತಿಯನ್ನೇ ಕರೆದುಕೊಂಡು ನಮ್ಮ ಮನೆಗೆ ಬಂದರು. "ಇವ್ಳು ಅಲ್ಲಿರೋ ತನಕ ನಾನೂ ಅಲ್ಲೇ ಕೂತಿರ್ತೀನಿ ಕಣಕ್ಕ" ಎಂದು ಆಕೆ ಅವ್ವನಿಗೆ ಮಾತು ಕೊಟ್ಟರು.

ಕೊಟ್ಟ ಮಾತಿನಂತೆ ದಿನಾ ಹಾಲ್‌ನ ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಬೆಳ್ಳುಳ್ಳಿ ಸುಲಿಯುತ್ತ ಕೂರುತ್ತಿದ್ದರು. ವರ್ಷ ತುಂಬುವಷ್ಟರಲ್ಲಿ ಆಕೆಗೆ ಎಲ್ಲ ಪಟ್ಟುಗಳೂ ಬಾಯಿಪಾಠ. ತಲೆ ಎತ್ತದೆಯೇ "ಮೊಣಕಾಲು ಒಳಕ್ಕೆ ತಗೊಳ್ಳೇ" ಅನ್ನುತ್ತಿದ್ದರು. ಅವರು ಹೇಳಿದ್ದು ಸರಿಯಾಗಿರುತ್ತಿತ್ತು.

ಈ ಆಟಕ್ಕೆ ಮಿಕ್ಸೆಡ್ ಮಾರ್ಷಲ್ ಆರ್ಟ್ಸ್ ಅನ್ನುತ್ತಾರೆ. ಗುದ್ದು, ಒದೆ, ಕುಸ್ತಿ, ಕೀಲು ತಿರುಚುವುದು, ಕುತ್ತಿಗೆ ಬಿಗಿಯುವುದು ಎಲ್ಲ ಇದೆ. ತಂತಿ ಬಲೆಯ ಕೇಜಿನೊಳಗೆ ಇಬ್ಬರನ್ನು ಬಿಟ್ಟು ಬಾಗಿಲು ಹಾಕುತ್ತಾರೆ. ತಾಳಲಾರೆ ಅನ್ನಿಸಿದರೆ ಕೈಯಿಂದ ತಟ್ಟಬೇಕು, ಅಲ್ಲಿಗೆ ಮುಗಿಯಿತು.

ನನ್ನ ಮೊದಲ ವೃತ್ತಿಪರ ಪಂದ್ಯ ಬೆಂಗಳೂರಿನಲ್ಲಿ ನಡೆಯಿತು. ದೀಪಗಳ ಬೆಳಕಿಗೆ ಕಣ್ಣು ಹೊಂದಿಕೊಳ್ಳುವಷ್ಟರಲ್ಲಿ ಎದುರಾಳಿ ನನ್ನ ಬೆನ್ನ ಮೇಲಿದ್ದಳು, ಅವಳ ತೋಳು ನನ್ನ ಗದ್ದದ ಕೆಳಗಿತ್ತು. ನಾನು ತಟ್ಟಿದೆ. ಕಲಿತದ್ದು ಒಂದೂ ನೆನಪಿಗೆ ಬರಲಿಲ್ಲ.

ವಾಪಸು ಬರುವ ಬಸ್ಸಿನಲ್ಲಿ ಕಿಟಕಿಗೆ ಮುಖ ಹಾಕಿ ಅಳುತ್ತಿದ್ದೆ. ಉಸ್ತಾದ್ ಸಮಾಧಾನ ಮಾಡಲಿಲ್ಲ. "ಅವ್ಳ ಕೈ ಹೀಗ್ ಬಂತು, ಅಲ್ವಾ? ಆವಾಗ ನೀನು ಗದ್ದ ಕೆಳಕ್ಕೆ ಹಾಕ್ಬೇಕಿತ್ತು" ಎಂದು ಹಿಂದಿನ ಸೀಟಿನಿಂದ ನನ್ನ ಕುತ್ತಿಗೆಗೇ ತೋಳು ಹಾಕಿ ತೋರಿಸತೊಡಗಿದರು. ಕಂಡಕ್ಟರ್ ಓಡಿ ಬಂದು "ಏಯ್, ಹುಡುಗಿನ ಬಿಡ್ರೀ" ಎಂದು ಅವರ ಕಾಲರಿಗೆ ಕೈಹಾಕಿದ. ಪಕ್ಕದಲ್ಲಿದ್ದ ಉಸ್ತಾದರ ಹೆಂಡತಿ ನಗು ತಡೆಯಲಾರದೆ ಮುಖಕ್ಕೆ ಸೆರಗು ಮುಚ್ಚಿಕೊಂಡರು. ನಾನೇ ಕಣ್ಣೊರೆಸಿಕೊಂಡು, "ಇಲ್ಲಣ್ಣ, ಪಾಠ ಹೇಳ್ಕೊಡ್ತಿದಾರೆ" ಎಂದು ಬಿಡಿಸಬೇಕಾಯಿತು. ಕಂಡಕ್ಟರ್ ಬೀರೂರು ಬರುವ ತನಕ ನಮ್ಮ ಮೇಲೆ ಒಂದು ಕಣ್ಣಿಟ್ಟೇ ಇದ್ದ.

ಮುಂದಿನ ಪಂದ್ಯ ಗೆದ್ದೆ. ಅದರ ಮುಂದಿನದನ್ನೂ ಗೆದ್ದೆ. ಆದರೆ ಆ ಸಲ ಎಡಗಣ್ಣು ಊದಿ ನೀಲಿಗಟ್ಟಿತ್ತು, ಅದೇ ವಾರ ಕಡೂರಿನಿಂದ ಗಂಡಿನ ಕಡೆಯವರು ನನ್ನನ್ನು ನೋಡಲು ಬಂದರು. "ಬಚ್ಚಲಲ್ಲಿ ಜಾರಿಬಿದ್ದೆ ಅನ್ನು" ಎಂದು ಅವ್ವ ಬೆಳಿಗ್ಗೆಯಿಂದ ಹೇಳಿಕೊಟ್ಟಿದ್ದಳು. ಕಾಫಿ ತಟ್ಟೆ ಇಟ್ಟು ಕೂತೆ. ಗಂಡಿನ ತಾಯಿ ಬಗ್ಗಿ ನೋಡಿ, "ಕಣ್ಣಿಗೇನಾಯ್ತಮ್ಮ?" ಎಂದರು.

"ಗುದ್ದು ಬಿತ್ತು" ಅಂದೆ. "ಪಂದ್ಯದಲ್ಲಿ. ಅದೇ ನನ್ನ ಕೆಲಸ."

ಅವರು ಕಾಫಿ ಅರ್ಧಕ್ಕೇ ಬಿಟ್ಟು ಎದ್ದರು. ಅವ್ವ ಒಳಗೆ ಹೋಗಿ ಪಾತ್ರೆಗಳನ್ನು ಕುಕ್ಕತೊಡಗಿದಳು. ಅಪ್ಪ ಜಗಲಿಯ ಮೇಲೆ ಕೂತಿದ್ದರು. ಇವತ್ತು ನನ್ನ ಆಟ ನಿಂತಿತು ಎಂದೇ ತಿಳಿದು ಹೋಗಿ ಎದುರಿಗೆ ನಿಂತೆ.

"ಆ ಕಣ್ಣು ಮಾಡ್ಕೊಂಡ್ಯಲ್ಲ, ಆವತ್ತು ಗೆದ್ದಿದ್ಯಾರು?" ಎಂದರು.

"ನಾನೇ."

"ಅದನ್ನ ಹೇಳೋದಲ್ವಾ ಮತ್ತೆ ಅವರಿಗೆ?" ಎಂದು, ಬಂದವರು ಮುಟ್ಟದೆ ಬಿಟ್ಟು ಹೋದ ಕೇಸರಿಬಾತಿನ ತಟ್ಟೆಯನ್ನು ಹತ್ತಿರಕ್ಕೆಳೆದುಕೊಂಡು ತಿನ್ನತೊಡಗಿದರು. ನಾನು ಅಲ್ಲೇ ಅವರ ಕಾಲ ಬಳಿ ಕೂತುಬಿಟ್ಟೆ.

ಅಂದಿನಿಂದ ಅಪ್ಪ ನನ್ನ ಜೊತೆಗಾರರಾದರು. ಡ್ಯೂಟಿ ಮುಗಿದ ಮೇಲೆ ಗೇಟ್ ಪಕ್ಕದ ನಮ್ಮ ಕ್ವಾರ್ಟರ್ಸ್ ಮುಂದೆ ಎರಡು ಕೈಗೂ ಪ್ಯಾಡ್ ಹಾಕಿಕೊಂಡು ನಿಲ್ಲುವರು, ನಾನು ಗುದ್ದಬೇಕು. ಗೇಟ್ ಬಿದ್ದು ನಿಂತ ಲಾರಿಯವರು ಕೆಳಗಿಳಿದು ನೋಡುತ್ತಿದ್ದರು. "ಏನಣ್ಣ, ಮಗಳ ಕೈಲಿ ಏಟು ತಿಂತಿದೀಯಾ?" ಎಂದು ಒಬ್ಬ ಕೇಳಿದ. ಅಪ್ಪ ಪ್ಯಾಡ್ ಬಿಚ್ಚಿ, "ಬಾ, ನೀನೇ ಒಂಚೂರು ಹಿಡ್ಕೋ" ಎಂದು ಅವನತ್ತ ಚಾಚಿದರು. ಅವನು ಒಂದೇ ಏಟಿಗೆ ಕೈ ಒದರಿಕೊಂಡು ಲಾರಿ ಹತ್ತಿದ.

ದೇಶದ ಚಾಂಪಿಯನ್ ಆಗಿದ್ದ ಹುಡುಗಿಯ ಎದುರು ಚಾಂಪಿಯನ್ ಪಟ್ಟದ ಬೆಲ್ಟಿಗಾಗಿ ಆಡುವ ಅವಕಾಶ ಬಂದಾಗ ಕರೆ ಬಂದದ್ದು ಉಸ್ತಾದರಿಗೆ. ಅವರು ಫೋನ್ ಮಾಡದೆ, ತರೀಕೆರೆಯಿಂದ ಸ್ಕೂಟರಿನಲ್ಲೇ ನಮ್ಮ ಮನೆಗೆ ಬಂದು ಹೇಳಿದರು. ಆ ಹುಡುಗಿ ಅದುವರೆಗೂ ಸೋತವಳೇ ಅಲ್ಲ. ಬೆಳಗಿನ ಜಾವ ನಾನು ಬುಕ್ಕಾಂಬುಧಿ ಕೆರೆ ಏರಿಯ ಮೇಲೆ ಓಡುತ್ತಿದ್ದೆ, ಮಧ್ಯಾಹ್ನದಿಂದ ಸಂಜೆಯವರೆಗೂ ಹಾಲ್‌ನಲ್ಲಿರುತ್ತಿದ್ದೆ. ತೂಕ ಇಳಿಸಬೇಕಿತ್ತು. ಮುದ್ದೆ, ಅನ್ನ ಎರಡೂ ಬಂದ್. ಊರಿನ ಮಕ್ಕಳಿಗೆಲ್ಲ ಹೊಟ್ಟೆ ತುಂಬ ಬಡಿಸುವ ಅವ್ವನಿಗೆ, ಮನೆಯ ಮಗಳ ಮುಂದೆ ಬರೀ ಸೊಪ್ಪು ಮೊಟ್ಟೆ ಇಡುವುದು ದೊಡ್ಡ ಸಂಕಟ. "ಇದೆಂಥ ಆಟ ಕಣೇ, ಹಸ್ಕೊಂಡು ಹೋಗಿ ಹೊಡೆದಾಡೋದು?" ಅನ್ನುವಳು. ಅಂದರೂ ದಿನಾ ತೂಗಿ ಅಳೆದು ಹಾಕುವಳು.

ಪಂದ್ಯದ ದಿನ ಅಪ್ಪ ರಜೆ ಹಾಕಿದರು. ಅವ್ವನೂ ಬಂದಳು. ಅವರಿಬ್ಬರೂ ನನ್ನ ಆಟವನ್ನು ಕಣ್ಣಾರೆ ನೋಡುವುದು ಅದೇ ಮೊದಲು.

ಮೊದಲ ಸುತ್ತು ಪೂರ್ತಿ ಅವಳದೇ. ಅವಳ ಒದೆಗೆ ನನ್ನ ತೊಡೆ ಮರಗಟ್ಟಿತು. ಎರಡನೆಯದರಲ್ಲಿ ಹುಬ್ಬಿನ ಮೇಲೆ ಸೀಳಿ ರಕ್ತ ಕಣ್ಣಿಗಿಳಿಯಿತು. ಸುತ್ತುಗಳ ನಡುವಿನ ಬಿಡುವಿನಲ್ಲಿ ಉಸ್ತಾದ್ ಮಂಜುಗಡ್ಡೆ ಒತ್ತುತ್ತ, "ಅವ್ಳು ದಣಿದಿದಾಳೆ ಬೇಟಾ, ಬಾಯಲ್ಲಿ ಉಸಿರು ಬಿಡ್ತಿದಾಳೆ. ನೆಲಕ್ಕೆ ಕರ್ಕೊಂಡ್ ಬಾ" ಎಂದರು.

ಮೂರನೆಯ ಸುತ್ತಿನಲ್ಲಿ ನಾನೇ ಬಿದ್ದೆ. ಅವಳ ಬಲಗೈ ಗುದ್ದು ದವಡೆಗೆ ಸಿಕ್ಕಿ ಅಂಗಾತ ಬಿದ್ದೆ, ಜನ ಎದ್ದು ಕೂಗಿದರು. ಮುಗಿಸಲು ಅವಳು ಮೇಲೆ ಬಂದಳು. ಕಣ್ಣು ಮಂಜಾಗಿತ್ತು, ಕೈಗೆ ಸಿಕ್ಕಿದ್ದು ಅವಳ ಕಣಕಾಲು. ಹಿಡಿದುಕೊಂಡೆ. ಅವಳು ಗುದ್ದಿದಳು, ನಾನು ಬಿಡಲಿಲ್ಲ. ಕಾಲು ಕೊಡವಿ ಎದ್ದು ಹಿಂದಕ್ಕೆ ನಡೆದಳು. ನಾನೂ ಎಳೆಸಿಕೊಂಡು ಹೋದೆ. ತಂತಿ ಬಲೆಗೆ ಅವಳ ಬೆನ್ನು ತಾಗಿತು, ಇನ್ನು ಹಿಂದೆ ಹೋಗಲು ಜಾಗವಿರಲಿಲ್ಲ. ಭುಜ ಕೊಟ್ಟು ತಳ್ಳಿದೆ, ಬಿದ್ದಳು. ಏಳಲು ಅವಳು ಮಗ್ಗುಲಾದ ಕ್ಷಣದಲ್ಲಿ ಬೆನ್ನಿಗೇರಿ, ಗದ್ದದ ಕೆಳಗೆ ತೋಳು ತೂರಿಸಿ ಬಿಗಿದೆ. ಅವಳು ತಡೆದಳು, ತಿರುಗಿದಳು, ಮತ್ತೆ ತಡೆದಳು. ಆಮೇಲೆ ನನ್ನ ತೋಳಿನ ಮೇಲೆ ಮೆಲ್ಲಗೆ ತಟ್ಟಿದಳು.

ರೆಫರಿ ನನ್ನನ್ನು ಬಿಡಿಸಿದರು. ಎಲ್ಲ ಸದ್ದೂ ಒಟ್ಟಿಗೆ ಕಿವಿಗೆ ಬಂತು. ಜನರ ಕೂಗು, ಉಸ್ತಾದರ ದಖನಿ ಉರ್ದು, ಅವರ ಹೆಂಡತಿಯ ಶಿಳ್ಳೆ. ಆಕೆಗೆ ಶಿಳ್ಳೆ ಹೊಡೆಯಲು ಬರುತ್ತದೆಂದು ಉಸ್ತಾದರಿಗೂ ಗೊತ್ತಿರಲಿಲ್ಲವಂತೆ. ಯಾರು ಎಷ್ಟು ಬೈದರೂ ತುಟಿ ಬಿಚ್ಚದ ನಮ್ಮಪ್ಪ ಕುರ್ಚಿ ಹತ್ತಿ ನಿಂತು, "ನನ್ ಮಗಳು, ನನ್ ಮಗಳು" ಎಂದು ಅಕ್ಕಪಕ್ಕದವರಿಗೆಲ್ಲ ಹೇಳುತ್ತಿದ್ದರು. ಬೆಲ್ಟ್ ಕೈಗೆ ಕೊಟ್ಟಾಗ ಅದನ್ನು ತೂಗಿ ನೋಡಿ, "ಭಾರ ಇದೆ ಕಣೇ" ಎಂದರು.

ಅವ್ವ ಮೊದಲು ನನ್ನ ಹುಬ್ಬಿಗೆ ಡಾಕ್ಟರು ಹಾಕಿದ ಹೊಲಿಗೆ ನೋಡಿದಳು. ಆಮೇಲೆ, "ಆ ಹುಡುಗಿಗೆ ಏನೂ ಆಗ್ಲಿಲ್ವಲ್ಲ? ಅವಳವ್ವ ಬಂದಿದಾಳಾ?" ಎಂದಳು. ಬಂದಿರಲಿಲ್ಲ. ಅವ್ವ ನನಗೆಂದು ಕಟ್ಟಿ ತಂದಿದ್ದ ರವೆ ಉಂಡೆ ಡಬ್ಬಿ ಎತ್ತಿಕೊಂಡು ಆ ಹುಡುಗಿ ಇದ್ದ ಕೋಣೆಗೇ ಹೋದಳು. ಒಬ್ಬರ ಭಾಷೆ ಒಬ್ಬರಿಗೆ ಬಾರದು. ನಾನು ಹಿಂದೆಯೇ ಹೋಗಿ ನೋಡಿದರೆ, ಅವ್ವ ಅವಳ ತಲೆ ಸವರುತ್ತಿದ್ದಳು, ಅವಳು ಅಳುತ್ತಳುತ್ತ ಉಂಡೆ ತಿನ್ನುತ್ತಿದ್ದಳು. ನನ್ನನ್ನು ಕಂಡು ಪಕ್ಕಕ್ಕೆ ಸರಿದು ಜಾಗ ಕೊಟ್ಟಳು. ಡಬ್ಬಿ ಖಾಲಿಯಾಗುವ ತನಕ ಇಬ್ಬರೂ ಕೂತು ತಿಂದೆವು.

ಅಜ್ಜಂಪುರ ಸ್ಟೇಷನ್ನಿನಲ್ಲಿ ಇಳಿದಾಗ ತಮಟೆ ಸದ್ದು ಕೇಳಿ, ಯಾವ ನಾಯಕರು ಬಂದರಪ್ಪ ಎಂದು ನಾನು ಬಗ್ಗಿ ನೋಡಿದ್ದು ನಿಜ. ಊರವರು ನನ್ನನ್ನೇ ಟ್ರಾಕ್ಟರ್ ಮೇಲೆ ಕೂರಿಸಿ ಊರೆಲ್ಲ ಸುತ್ತಿಸಿದರು.

ಬೆಲ್ಟ್ ಇವತ್ತಿಗೂ ನನ್ನ ಹತ್ತಿರವೇ ಇದೆ. ಕಿತ್ತುಕೊಳ್ಳಲು ಬಂದವರೆಲ್ಲ ಬರಿಗೈಲಿ ಹೋಗಿದ್ದಾರೆ. ಟೈರ್ ಅಂಗಡಿಯ ಮೇಲೆ ಈಗ ಹುಡುಗಿಯರದೇ ಒಂದು ತರಗತಿ ನಡೆಯುತ್ತದೆ, ಕಲಿಸುವವಳು ನಾನು. ಮೊನ್ನೆ ಲಿಂಗದಹಳ್ಳಿಯಿಂದ ಒಬ್ಬ ತಾಯಿ ಮಗಳನ್ನು ಸೇರಿಸಲು ಬಂದಿದ್ದರು. ನೆಲಕ್ಕೆ ಉಜ್ಜಿ ಉಜ್ಜಿ ಹೂಕೋಸಿನಂತೆ ಮುದುಡಿದ ನನ್ನ ಕಿವಿಯನ್ನೇ ಬಹಳ ಹೊತ್ತು ನೋಡಿದರು.

"ನಮ್ ಹುಡುಗಿ ಕಿವಿನೂ ಹಿಂಗೇ ಆಗುತ್ತಾ?"

"ಆದ್ರೂ ಆಗ್ಬಹುದಮ್ಮ."

ಆಕೆ ಮಗಳ ಕಡೆ ತಿರುಗಿದರು. ಹುಡುಗಿ ಆಗಲೇ ಚಪ್ಪಲಿ ಬಿಟ್ಟು ಮ್ಯಾಟಿನ ಮೇಲೆ ನಿಂತಾಗಿತ್ತು.

"ಆಗ್ಲಿ ಬಿಡಿ, ಕೇಳಿಸಿದ್ರೆ ಸಾಕು" ಎಂದು ತಾಯಿ ಕುರ್ಚಿ ಎಳೆದುಕೊಂಡು ಕೂತರು.