ಹಣ್ಣು ಕೇಳುವ ಕಬ್ಬಿಣದ ಹೆಂಗಸು

ನಮ್ಮ ನೀಡಲ್ಸ್ ಊರಿನಲ್ಲಿ ವರ್ನಾ ಟಟಲ್‌ಗೆ ಸುಳ್ಳು ಹೇಳಿ ದಕ್ಕಿಸಿಕೊಂಡವರಿಲ್ಲ. ಅರಿಜೋನಾ ಕಡೆಯಿಂದ ನದಿ ದಾಟಿ ಕ್ಯಾಲಿಫೋರ್ನಿಯಾಕ್ಕೆ ಬರುವ ಹೆದ್ದಾರಿಯಲ್ಲಿ, ಹೊರಗಿನ ಹಣ್ಣುಗಿಡಗಳ ಜೊತೆ ಹುಳ ಬಾರದಂತೆ ತಡೆಯುವ ಹಣ್ಣಿನ ಚೆಕ್‌ಪೋಸ್ಟಿನಲ್ಲಿ ಅವಳು ಹರೆಯದಿಂದ ನಿವೃತ್ತಿಯವರೆಗೂ ನಿಂತವಳು. ಬಂದ ಪ್ರತಿ ಕಾರಿನ ಕಿಟಕಿಗೂ ಬಗ್ಗಿ ಕೇಳುವುದು ಒಂದೇ ಪ್ರಶ್ನೆ: "ಹಣ್ಣು, ಗಿಡ ಏನಾದ್ರೂ ಇದೆಯಾ?" ಇಲ್ಲ ಎನ್ನುವವರ ಬಾಯಿಯನ್ನು ಅವಳು ನೋಡುತ್ತಿರಲಿಲ್ಲ, ಕತ್ತನ್ನು ನೋಡುತ್ತಿದ್ದಳು. ಸುಳ್ಳು ಹೇಳುವವನ ಕತ್ತು ಹಣ್ಣಿರುವ ಕಡೆಗೆ ಒಂದಿಷ್ಟು ತಿರುಗಿಯೇ ತಿರುಗುತ್ತದಂತೆ. ಪಾದ್ರಿಗಳ ಟೋಪಿಯೊಳಗಿನಿಂದಲೂ ಅವಳು ಕಿತ್ತಳೆ ತೆಗೆದಿದ್ದಾಳೆ.

ಆ ಕಣ್ಣನ್ನು ಸಂಜೆ ಮನೆಗೂ ಹೊತ್ತು ತರುತ್ತಿದ್ದಳು. ಗಂಡ ಲೈಲ್ ವಾರವಾರ ಮೀನು ಹಿಡಿಯಲು ಹೋಗುತ್ತೇನೆಂದು ಹೋಗುತ್ತಿದ್ದ. ಒಮ್ಮೆ ಅವನು ತಂದ ಮೀನಿನ ಬಾಯಿ ತೆರೆದು ನೋಡಿ, "ಗಾಳ ಚುಚ್ಚಿದ ಗಾಯವೇ ಇಲ್ಲವಲ್ಲ, ಇದು ಅಂಗಡಿ ಮೀನು" ಅಂದಳು. ಮುಂದಿನ ತಿಂಗಳು ಅವನು ಆ ಮೀನಂಗಡಿಯ ಹೆಂಗಸಿನ ಜೊತೆಗೇ ಹೊರಟುಹೋದ. ಅಲ್ಲಿಂದಾಚೆಗೆ ವರ್ನಾ ಯಾರನ್ನಾದರೂ ಅನುಮಾನಿಸಿದರೆ ಬೇಡ ಎನ್ನುವ ಧೈರ್ಯ ನಮಗ್ಯಾರಿಗೂ ಉಳಿಯಲಿಲ್ಲ.

ನಾನು ಗ್ಲೆನ್ನಾ, ಅವಳ ಪಕ್ಕದ ಮನೆಯವಳು. ಶಾಲೆಯ ಅಡುಗೆಮನೆಯಲ್ಲಿದ್ದವಳು. ನಮ್ಮ ಗೆಳತಿಯರ ಗುಂಪಿನ ಮೂರನೆಯವಳು ಸೊಕೊರೊ, ಪೇಟೆಬೀದಿಯಲ್ಲಿ ಕೂದಲು ಕತ್ತರಿಸುವ ಅಂಗಡಿ ಇಟ್ಟವಳು, ಬಾಯಿಗೆ ಬೀಗವಿಲ್ಲದವಳು. ಅಂಥವಳು ಆ ಫೆಬ್ರವರಿಯಲ್ಲಿ ಒಂದು ಬೆಳಿಗ್ಗೆ ನನ್ನನ್ನು ಹಿತ್ತಲಿಗೆ ಕರೆದು ಪಿಸುಗುಟ್ಟಿದಳು: "ನಾಳೆ ಮೂವರೂ ಅರಿಜೋನಾ ಕಡೆ ಸುತ್ತಾಡ್ಕೊಂಡು ಬರೋಣ. ಹಳೇ ರಸ್ತೆ ಬದೀಲಿ ಏನೇನೋ ತಮಾಷೆ ಇಟ್ಟಿದ್ದಾರೆ. ವರ್ನಾ ಏನು ಕೇಳಿದ್ರೂ ನೀನು ಬಾಯಿ ಬಿಡಬೇಡ."

"ಬಿಡೋಕೆ ನಂಗೆ ಏನು ಗೊತ್ತಿದೆ?"

"ಅದೇ ಒಳ್ಳೇದು."

ಈಗ ನನಗೂ ಅನುಮಾನ ಹತ್ತಿತು.

ಮರುದಿನ ವರ್ನಾ ಕಾರು ಹತ್ತುವ ಮೊದಲೇ ಡಿಕ್ಕಿ ತೆಗೆಸಿದಳು. ತಣ್ಣನೆ ಪೆಟ್ಟಿಗೆಯ ಮುಚ್ಚಳ ಎತ್ತಿ, ರೊಟ್ಟಿಸುರುಳಿ ಮೂಸಿ, "ಸೊಕೊರೊ, ನೀನು ಯಾವತ್ತೂ ನನಗೆ ಒಂದು ಕಾಫಿ ಕೊಡಿಸಿದವಳಲ್ಲ. ಇವತ್ತು ಊಟ, ಕಾರು, ಸುತ್ತಾಟ. ಯಾಕೆ?" ಅಂದಳು.

"ಸ್ನೇಹ ಕಣೇ!"

"ಸ್ನೇಹ ನಿನ್ನೆ ಎಲ್ಲಿ ಹೋಗಿತ್ತು?"

ನದಿ ದಾಟುವಾಗ ಅವಳ ಮೊದಲ ಅನುಮಾನ ಹೊರಬಿತ್ತು. ಬಿಟ್ಟಿ ಊಟ ಹಾಕಿ, ಆಮೇಲೆ ಕೋಣೆಯಲ್ಲಿ ಕೂಡಿಹಾಕಿ, ರಜಾದಿನದ ಬಂಗಲೆಯಲ್ಲಿ ಪಾಲು ಕೊಳ್ಳಿ ಎಂದು ಗಂಟಲು ಹರಿದುಕೊಳ್ಳುವ ಜನ ಇದ್ದಾರಲ್ಲ, ಸೊಕೊರೊ ಅವರ ಕೈಗೆ ನಮ್ಮನ್ನು ಒಪ್ಪಿಸುತ್ತಾಳೆ ಅಂತ. ಮೊದಲು ನಿಂತ ಕಡೆ ಅಂಥದ್ದೇನೂ ಇರಲಿಲ್ಲ. ಲಾರಿಯಷ್ಟು ಎತ್ತರದ ಸಿಮೆಂಟಿನ ಆಮೆ, ಅದರ ಹೊಟ್ಟೆಯೊಳಗೆ ಬೊಂಬೆ ಮಾರುವ ಅಂಗಡಿ. ವರ್ನಾ ಆಮೆಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಹಿಂಬಾಗಿಲು ಎಲ್ಲಿದೆ ಅಂತ ನೋಡಿಕೊಂಡ ಮೇಲೆಯೇ ಒಳಗೆ ಕಾಲಿಟ್ಟಳು.

ಅಲ್ಲಿಂದ ಮುಂದೆ ವಾಲಿದ ಮನೆ. ಅದರೊಳಗೆ ನೀರು ಏರಿನ ಕಡೆಗೆ ಹರಿಯುತ್ತದೆ, ಚೆಂಡು ಮೇಲಕ್ಕೆ ಉರುಳುತ್ತದೆ. ತೋರಿಸುವ ಹುಡುಗಿ "ಭೂಮಿಯೊಳಗಿನ ಶಕ್ತಿ" ಅಂತ ಗಿಣಿಪಾಠ ಒಪ್ಪಿಸಿದಳು. ನಾನೂ ಸೊಕೊರೊನೂ ಬಾಯಿಬಿಟ್ಟು ನೋಡುತ್ತಿದ್ದರೆ ವರ್ನಾ ಆ ಕಡೆ ಬೆನ್ನು ಹಾಕಿ ನಮ್ಮನ್ನೇ ನೋಡುತ್ತಿದ್ದಳು. ಸೊಕೊರೊ ಫೋನಿನಲ್ಲಿ ಏನೋ ಒತ್ತಿ, ನಕ್ಕು, ಜೇಬಿಗೆ ಹಾಕಿಕೊಂಡಿದ್ದು ಅವಳ ಕಣ್ಣಿಗೆ ಬಿತ್ತು.

"ಯಾರು ಅದು?"

"ನನ್ನ ಮಗಳು."

"ನಿನ್ನ ಕತ್ತು ರಸ್ತೆ ಕಡೆ ತಿರುಗ್ತು. ಮುಂದೆ ಯಾರೋ ಕಾಯ್ತಿದ್ದಾರೆ. ಗಂಡಸು. ಹೌದೋ ಅಲ್ವೋ?"

ಸೊಕೊರೊ ಕೆಂಪಾದಳು. ವರ್ನಾ ನನ್ನ ತೋಳು ಹಿಡಿದು ಹೊರಗೆಳೆದಳು. "ಗ್ಲೆನ್ನಾ, ನಿಜ ಹೇಳು. ಹೆಂಡತಿ ಸತ್ತ ಯಾವನಿಗೋ ನನ್ನನ್ನ ಗಂಟು ಹಾಕೋಕೆ ಹೊರಟಿದ್ದೀರಾ?"

"ನನ್ನಾಣೆ, ನಂಗೆ ಗೊತ್ತಿಲ್ಲ."

ಅವಳು ನನ್ನ ಕತ್ತನ್ನೇ ದಿಟ್ಟಿಸಿ, "ನಿನಗೆ ಗೊತ್ತಿಲ್ಲ ಅನ್ನೋದು ನಿಜ. ಅದಕ್ಕೇ ಭಯ" ಅಂದಳು.

ಮತ್ತೆ ಕಾರು ಹೊರಟಿತು. ಚಪ್ಪಲಿ ಬೂಟು ನೇತುಹಾಕಿದ ಒಣಮರ ಬಂತು. ಅವಳು ಇಳಿಯಲೇ ಇಲ್ಲ. ಕಾಡುಕತ್ತೆಗಳು ರಸ್ತೆಗೆ ಅಡ್ಡ ನಿಂತು ಕಿಟಕಿಯೊಳಗೆ ಮೂತಿ ಹಾಕಿದಾಗಲೂ ನಗಲಿಲ್ಲ. ತುಟಿ ಬಿಗಿದು, ಕೈಚೀಲ ಎದೆಗೆ ಅವುಚಿ ಕೂತಿದ್ದಳು. ಹೀಗೇ ಒಂದು ತಿರುವು ಕಳೆದೆವು, ಮರಳುಗುಡ್ಡದ ಪಕ್ಕದಲ್ಲಿ ಎರಡಾಳೆತ್ತರದ ಹೆಂಗಸೊಬ್ಬಳು ನಿಂತಿರುವುದು ಕಾಣಿಸಿತು.

ಲಾರಿಯ ತಗಡು, ಸೈಲೆನ್ಸರು, ನೇಗಿಲ ಗುಳ ಬೆಸೆದು ಮಾಡಿದ ಹೆಂಗಸು. ಖಾಕಿ ಬಣ್ಣದ ಅಂಗಿ, ಚಪ್ಪಟೆ ಟೋಪಿ, ಮುಂದೆ ಚಾಚಿದ ಕೈ. ಅರೆಮುಚ್ಚಿದ ಕಣ್ಣು, ಒಂದು ಬದಿಗೆ ಎಳೆದ ತುಟಿ. ನಾನು ಹೇಳುವ ಅಗತ್ಯವೇ ಇರಲಿಲ್ಲ. ಅದು ವರ್ನಾ. ಕಾಲ ಬಳಿ ಹಲಗೆಯ ಮೇಲೆ ಬರೆದಿತ್ತು: "ಹಣ್ಣು ಇದೆಯಾ?" ಚಾಚಿದ ಕೈಯ ತಟ್ಟೆಯಲ್ಲಿ ಕಿತ್ತಳೆ, ಸೇಬು, ನಿಂಬೆಗಳು ರಾಶಿ ಬಿದ್ದಿದ್ದವು.

"ಹೆಂಗಿದೆ?" ಸೊಕೊರೊ ಚಪ್ಪಾಳೆ ತಟ್ಟಿದಳು. "ಮಗಳ ಮನೆಯಿಂದ ಬರ್ತಾ ನೋಡಿದೆ ಕಣೇ. ನೀನು ಅಂತ ಗೊತ್ತಾಗೋಯ್ತು. ಇದನ್ನ ಮಾಡಿದವ್ರಿಗೇ ಆಗ ಫೋನಲ್ಲಿ ಬರೆದಿದ್ದು, ಬರ್ತಿದ್ದೀವಿ ಅಂತ. ನಿನಗೆ ಗೌರವ!"

ವರ್ನಾ ನಿಧಾನಕ್ಕೆ ಇಳಿದು ಸುತ್ತ ಬಂದಳು. ವಿಗ್ರಹದ ಎದೆಯ ಮೇಲೆ ಹಣ್ಣು ಚಚ್ಚಿ ಒಣಗಿದ ಕಲೆಗಳಿದ್ದವು. ಬುಡದಲ್ಲಿ ಸಿಪ್ಪೆ ಕಪ್ಪಗಾಗಿತ್ತು. "ಗೌರವ ಅಲ್ಲ ಇದು. ಯಾರೋ ನನ್ನ ಮೇಲೆ ಸಿಟ್ಟು ತೀರಿಸ್ಕೊಂಡಿದ್ದಾರೆ" ಅಂದಳು. ಸೊಕೊರೊಳ ಚಪ್ಪಾಳೆ ಅಲ್ಲೇ ನಿಂತಿತು. ಅವಳಿಗೆ ಆ ಕಲೆಗಳು ಕಂಡೇ ಇರಲಿಲ್ಲ.

ತಗಡಿನ ಮನೆಯಿಂದ ಮುದುಕನೊಬ್ಬ ಟೋಪಿ ಕೈಯಲ್ಲಿ ಹಿಡಿದು ಬಂದ. ಹೋಬರ್ಟ್ ಕ್ರೇನ್ ಅಂತ ಹೆಸರು. ಆ ಹೆಂಗಸನ್ನು ಬೆಸೆದವನು ಅವನೇ.

"ನನ್ನ ಗುರುತು ಸಿಕ್ಕಲ್ಲ ನಿಮಗೆ," ಅಂದ. "ಟೆಕ್ಸಸ್‌ನಿಂದ ಬಂದಿದ್ದೆ. ಅಮ್ಮ ತೀರ್ಕೊಂಡಿದ್ಲು. ಅವಳ ಹಿತ್ತಲಿನ ಚಕ್ಕೋತದ ಗಿಡ ಒಂದು ಪೀಪಾಯಿಲಿಟ್ಟು—"

"ನೀಲಿ ಪೀಪಾಯಿ," ಅಂದಳು ವರ್ನಾ. "ಗಿಡದ ಮೇಲೆ ಹೆಂಗಸಿನ ಸ್ವೆಟರ್ ಹೊದಿಸಿದ್ರಿ."

ಮುದುಕ ಟೋಪಿಯನ್ನು ಎದೆಗೆ ಒತ್ತಿಕೊಂಡ. "ಅದು ಅಮ್ಮಂದೇ. ನೀವು ಗಿಡ ಕಿತ್ಕೊಂಡ್ರಿ. ನಾನು ರಸ್ತೆ ಬದೀಲಿ ಕೂತು ಅತ್ತೆ. ಸಮುದ್ರದ ಹತ್ರ ಕೆಲಸ ಕಾದಿತ್ತು, ಬೇಡ ಅನ್ನಿಸ್ತು. ಗಾಡಿ ತಿರುಗಿಸ್ದೆ. ಇಲ್ಲಿಗೆ ಬರೋ ಹೊತ್ತಿಗೆ ಪೆಟ್ರೋಲ್ ಮುಗೀತು. ಇಲ್ಲೇ ಉಳಿದೆ. ಮೊದಲ ಚಳಿಗಾಲದಲ್ಲಿ ಇವಳನ್ನ ಮಾಡ್ದೆ. ಬರೋರಿಗೆ ಕೊಳೆತ ಹಣ್ಣು ಕೊಟ್ಟು, ಹೊಡೀರಿ ಅಂತಿದ್ದೆ."

"ಇವ್ರೇ ಹೊಡೀರಿ ಅಂದ್ರಂತೆ! ಥೂ!" ಸೊಕೊರೊ ಹಣೆ ಚಚ್ಚಿಕೊಂಡಳು. "ವರ್ನಾ, ನನಗಿದು ಗೊತ್ತಿದ್ರೆ ಕರ್ಕೊಂಡೇ ಬರ್ತಿರ್ಲಿಲ್ಲ."

"ಬರಬರ್ತಾ ಸಿಟ್ಟು ಆರಿಹೋಯ್ತು," ಅಂದ ಹೋಬರ್ಟ್. "ಜನ ಹೊಡೆಯೋದೂ ಬಿಟ್ರು. ಹೆದ್ದಾರಿ ಕಡೆ ಹೋಗೋರು ತಾವಾಗೇ ಕೈ ಎತ್ತಿ ಹಣ್ಣು ಅವಳ ತಟ್ಟೇಲಿಟ್ಟು ಹೋಗ್ತಾರೆ. ಆ ಮುಖ ನೋಡಿ ಸುಳ್ಳು ಹೇಳೋಕೆ ಆಗಲ್ಲ ಅಂತಾರೆ."

ನಾನು ವರ್ನಾಳ ಮುಖ ನೋಡಿದೆ. ಮೇಲಿನ ಕಬ್ಬಿಣದ ಮುಖಕ್ಕೂ ಕೆಳಗಿನ ಈ ಮುಖಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

"ಎಲೆ ಅಡಿಯಲ್ಲಿ ಹುಳ ಇತ್ತು," ಅಂದಳು ಅವಳು. "ಬಿಟ್ಟಿದ್ರೆ ಯಾರದೋ ತೋಟ ಹೋಗ್ತಿತ್ತು. ಇವತ್ತು ತಂದ್ರೂ ಕಿತ್ಕೊಳ್ತೀನಿ."

"ಗೊತ್ತು. ಅದಕ್ಕೇ ಮುಖ ಸರಿಯಾಗಿ ಬಂದಿದೆ."

ಅವನು ನಮ್ಮನ್ನು ನೆರಳಿನಲ್ಲಿ ಕೂರಿಸಿ ನಿಂಬೆಪಾನಕ ತಂದ. ಬಾಯಾರಿದ್ದ ಸೊಕೊರೊ ಗಟಗಟ ಕುಡಿದಳು. ವರ್ನಾ ಲೋಟವನ್ನು ಬೆಳಕಿಗೆ ಹಿಡಿದಳು. "ನಿಂಬೆ ಎಲ್ಲಿಂದು?"

"ಅಂಗಡೀದು," ಅಂದ ಹೋಬರ್ಟ್. ಅವನ ಕತ್ತು ಒಂದಿಷ್ಟೇ ಕಬ್ಬಿಣದ ಹೆಂಗಸಿನ ಕೈಯ ಕಡೆಗೆ ತಿರುಗಿತು.

"ಹೋಬರ್ಟ್!"

"ಒಳ್ಳೇವು ಮಾತ್ರ ಆರಿಸ್ತೀನಿ," ಅಂದ ಅವನು, ಮೆಲ್ಲಗೆ.

ಸೊಕೊರೊ ಲೋಟ ಕೆಳಗಿಟ್ಟಳು. ವರ್ನಾ ಕೂಡಲೇ ಏಣಿ ತರಿಸಿದಳು. ನಾನು ಏಣಿ ಹಿಡಿದೆ, ಅವಳು ಹತ್ತಿ ಒಂದೊಂದೇ ಹಣ್ಣು ತಿರುಗಿಸಿ ನೋಡುತ್ತ ಕೆಳಗೆ ಕೊಟ್ಟಳು. ಕೆಲವು ಕಿತ್ತಳೆಗಳಲ್ಲಿ ಬಿಳಿ ಹುಳ ಮಿಸುಕುತ್ತಿದ್ದವು. "ಇದು ವಿಗ್ರಹ ಅಲ್ಲ, ನೊಣದ ಬಾಣಂತಿಮನೆ!" ಅಂತ ಮೇಲಿನಿಂದಲೇ ಬೈದಳು. ಮುಚ್ಚಳವಿರುವ ಡ್ರಮ್ ಹುಡುಕಿಸಿ ಎಲ್ಲವನ್ನೂ ಅದಕ್ಕೆ ತುಂಬಿಸಿ, ಬಿಗಿಯಾಗಿ ಮುಚ್ಚಿಸಿದಳು. ಇಳಿಯುವ ಮುಂಚೆ ಅವಳು ಕಬ್ಬಿಣದ ಕೆನ್ನೆಯ ಮೇಲಿನ ಒಣ ಸಿಪ್ಪೆಯನ್ನು ಉಗುರಿನಿಂದ ಕೆರೆದು ತೆಗೆದದ್ದನ್ನು ನಾನೊಬ್ಬಳೇ ನೋಡಿದೆ.

ವಾಪಸು ಬರುವಾಗ ಸೊಕೊರೊ ಹೊಟ್ಟೆ ಹಿಡಿದುಕೊಂಡು ಕೂತಿದ್ದಳು. ಕಾರು ನಾನು ಓಡಿಸಿದೆ. ನದಿ ಹತ್ತಿರ ಬಂದಾಗ ವರ್ನಾ, "ಅವನು ಅತ್ತಿದ್ದು ನಾನು ನೋಡಿದ್ದೆ," ಅಂದಳು. "ನಾಟಕ ಅಂದ್ಕೊಂಡೆ. ದಿನಕ್ಕೊಬ್ಬ ಅಳ್ತಿದ್ದ."

ಅವಳು ಅವನ ಕ್ಷಮೆ ಕೇಳಿದ್ದನ್ನು ನಾನು ಕೇಳಿಲ್ಲ. ಆದರೆ ಡ್ರಮ್ ಮುಚ್ಚಿಟ್ಟಿದ್ದಾನೋ ಇಲ್ಲವೋ ಎಂದು ಪರೀಕ್ಷಿಸುವ ನೆಪದಲ್ಲಿ ಆಗಾಗ ಆ ಕಡೆ ಹೋಗತೊಡಗಿದಳು. ಮುಂದಿನ ವಸಂತದಲ್ಲಿ ಅರಿಜೋನಾದ ಒಂದು ಸಸಿತೋಟಕ್ಕೆ ನನ್ನನ್ನು ಕರೆದೊಯ್ದು, ಚಕ್ಕೋತದ ಸಸಿಯೊಂದರ ಪ್ರತಿ ಎಲೆ ಮಗುಚಿ ನೋಡಿದಳು. ತೋಟದವನು ಸುಸ್ತಾಗಿ ಕುರ್ಚಿ ಹಾಕಿಕೊಂಡು ಕೂತ. ಆ ಸಸಿಯನ್ನು ಹೋಬರ್ಟನ ಅಂಗಳದಲ್ಲಿ ಇಳಿಸಿದಾಗ ಅವನು ಕನ್ನಡಕ ಹಾಕಿಕೊಂಡು, ತಾನೂ ಒಂದೊಂದೇ ಎಲೆ ಎತ್ತಿ ನೋಡಲು ಶುರು ಮಾಡಿದ.

"ಏನು ನೋಡ್ತಿದ್ದೀಯಾ? ನನ್ನ ಮೇಲೆ ಅನುಮಾನಾನಾ?" ವರ್ನಾ ಕೆರಳಿದಳು.

"ಹುಳ ಇರಬಹುದಲ್ಲ," ಅಂದ ಅವನು, ತಲೆ ಎತ್ತದೆ.

ಮೊದಲ ತಿಂಗಳೇ ಕಾಡುಕತ್ತೆಯೊಂದು ಸಸಿಯ ತಲೆ ಕಚ್ಚಿಕೊಂಡು ಹೋಯಿತು. ವರ್ನಾ ಮುಳ್ಳುತಂತಿಯ ಸುರುಳಿ ಹೇರಿಕೊಂಡು ಹೋದಳು, ಅವಳೂ ಹೋಬರ್ಟನೂ ಸೇರಿ ಬೇಲಿ ಹಾಕಿದರು. ಗಿಡ ಪಕ್ಕದಿಂದ ಚಿಗುರಿದೆ. ಕಾಯಿ ಇನ್ನೂ ಬಿಟ್ಟಿಲ್ಲ.