ಕೂಡ್ಲಿಗಿ ಅವ್ವ, ಹಡಗಲಿ ಇಲಿ

ಬೆಳಿಗ್ಗೆ ಎದ್ದರೆ ಫೋನಿನಲ್ಲಿ ಗುಲಾಬಿ ಹೂವು. ತಂಗಿ ಕಳಿಸಿದ್ದೂ ಅದೇ, ಬೀಗರು ಕಳಿಸಿದ್ದೂ ಅದೇ, ಹಾಲಿನವನು ಕಳಿಸಿದ್ದೂ ಅದೇ. ಈಗಿನ ಯಂತ್ರಕ್ಕೆ ಬಂದದ್ದೇ ಬಂದರೂ ಬೇಸರವಿಲ್ಲ. ನಾನು ಕಂಡ ಮೊದಲ ಕಂಪ್ಯೂಟರಿಗೆ ಇಷ್ಟು ತಾಳ್ಮೆ ಇರಲಿಲ್ಲ ನೋಡಿ.

ಗಂಡ ತೀರಿಕೊಂಡ ಮೇಲೆ ನನಗೆ ಕೂಡ್ಲಿಗಿಯ ಒಂದು ಬೀಜದ ಆಫೀಸಿನಲ್ಲಿ ಕಸ ಗುಡಿಸುವ, ನೀರು ತುಂಬುವ ಕೆಲಸ ಸಿಕ್ಕಿತು. ಮಗಳು ಇನ್ನೂ ಸಣ್ಣವಳು, ಬಾಗಳಿಯಲ್ಲಿ ನನ್ನ ಅತ್ತೆಯ ಬಳಿ. ರಜೆ ಸಿಕ್ಕಾಗ ಹೋದರೆ ಅತ್ತೆಯ ಸೆರಗಿನ ಹಿಂದೆ ನಿಂತು, "ಅವ್ವಾ, ಕೂಡ್ಲಿಗಿ ಅವ್ವ ಬಂದಾಳ" ಎನ್ನುತ್ತಿತ್ತು. ಅತ್ತೆ ಬರೀ ಅವ್ವ. ಹೆತ್ತವಳಿಗೆ ಊರಿನ ಹೆಸರು. ಅತ್ತೆ ನಗುತ್ತಿದ್ದಳು. ಆ ನಗು ಎಂಥದ್ದೆಂದು ಸೊಸೆಯಂದಿರಿಗೆ ಹೇಳಬೇಕಿಲ್ಲ.

ಅಷ್ಟರಲ್ಲಿ ಬಾಗಳಿಗೆ ಹತ್ತಿರದ ಹರಪನಹಳ್ಳಿ ಶಾಖೆಯಲ್ಲಿ ಗುಡಿಸುವವಳ ಜಾಗ ಖಾಲಿಯಾಯಿತು. ಅಲ್ಲಿನ ಮ್ಯಾನೇಜರು "ಇವಳನ್ನು ಕೊಡಿ" ಎಂದು ಕೂಡ್ಲಿಗಿಗೆ ಬರೆದರೆ ಮಗಳು ನನ್ನ ಮಡಿಲಿಗೆ. ಆದರೆ ಆಗಲೇ ಆಫೀಸಿನ ಕಂಪ್ಯೂಟರುಗಳನ್ನು ಟೆಲಿಫೋನ್ ತಂತಿಯಲ್ಲಿ ಜೋಡಿಸಿದ್ದರು. ಮೊದಲು ಹಡಗಲಿ ಶಾಖೆ, ಆಮೇಲೆ ಹರಪನಹಳ್ಳಿ; ಅವರು ನಮಗೆ ಬರೆಯುವುದೆಲ್ಲ ಇನ್ನು ಅದರಲ್ಲೇ. ಪೆಟ್ಟಿಗೆಗೆ ಕುಂಕುಮ ಹಚ್ಚಿ ಕಾಯಿ ಒಡೆದಿದ್ದರು. ಅದರ ಮುಂದೆ ಕೈಯಲ್ಲಿ ಬರೆದ ಕಾಗದದ ಮಾತೆತ್ತಿದರೆ ಮೈಲಿಗೆ.

"ಹರಪನಹಳ್ಳಿಯಿಂದ ಏನೂ ಬಂದಿಲ್ಲಬೇ," ಅಂದರು ನಮ್ಮ ಸಾಹೇಬರು.

ಬಸ್ಸು ಹತ್ತಿ ಹರಪನಹಳ್ಳಿಗೆ ಹೋದೆ. "ಕಳಿಸೀನಿ. ಮುಟ್ಟೇತಿ ಅಂತ ಕಂಪ್ಯೂಟರೇ ಹೇಳೈತಿ," ಅಂದರು ಅಲ್ಲಿನ ಮ್ಯಾನೇಜರು.

"ಹಂಗಾರ ಒಂದು ಫೋನ್ ಹಚ್ರಿ."

"ತಂತಿ ಕಂಪ್ಯೂಟರಿಗೆ ಕೊಟ್ಟೀವಿ."

"ಚೀಟಿ ಬರದು ಕೊಡ್ರಿ, ಸೆರಗಿಗೆ ಗಂಟು ಹಾಕ್ಕೊಂಡು ಒಯ್ತೀನಿ."

"ಕಂಪ್ಯೂಟರ್ ಇಟ್ಕೊಂಡು ಚೀಟಿ ಕೊಟ್ರ ನಗ್ತಾರಬೇ."

ಅವರ ಮಾನ ಉಳಿಯಿತು. ಆ ಖಾಲಿ ಜಾಗಕ್ಕೆ ಬೇರೊಬ್ಬಳ ಹೆಸರು ಓಡಾಡತೊಡಗಿತು.

ಕೊನೆಗೆ ಬಳ್ಳಾರಿಯಿಂದ ಎಂಜಿನಿಯರು ಬಂದು ಬಿಡಿಸಿ ಹೇಳಿದ. ತಂತಿ ಪದೇ ಪದೇ ಕೆಡುತ್ತದೆ, ಆಗ ಒಂದೇ ಕಾಗದ ಎರಡೆರಡು ಸಲ ಬರುತ್ತದೆ. ಅದಕ್ಕೇ ಪ್ರತಿ ಕಾಗದಕ್ಕೂ ಒಂದು ನಂಬರು. ಕಂಡ ನಂಬರು ಮತ್ತೆ ಬಂದರೆ ಕೂಡ್ಲಿಗಿಯ ಯಂತ್ರ ಎಸೆಯಬೇಕು. ಲೆಕ್ಕ ಸರಿಯೇ. ಆದರೆ ಹಡಗಲಿಯವರೂ ಒಂದರಿಂದ ಶುರು ಮಾಡಿದ್ದರು, ಹರಪನಹಳ್ಳಿಯವರೂ ಒಂದರಿಂದಲೇ. ಹರಪನಹಳ್ಳಿಯಿಂದ ಬಂದದ್ದನ್ನೆಲ್ಲ ಯಂತ್ರ "ಇದನ್ನು ಕಂಡಿದ್ದೇನೆ" ಎಂದು ಎಸೆದು, "ಮುಟ್ಟಿತು" ಎಂದು ಮರ್ಯಾದೆಯಿಂದ ಉತ್ತರ ಕೊಟ್ಟಿತ್ತು.

ನನ್ನ ಕಾಗದದ ನಂಬರಿನಲ್ಲಿ ಹಡಗಲಿಯವರು ಮೊದಲೇ ಏನು ಕಳಿಸಿದ್ದರೆಂದು ತೆಗೆಸಿ ನೋಡಿದರು. ಗೋದಾಮಿನಲ್ಲಿ ಇಲಿ ಹೆಚ್ಚಾಗಿವೆ ಎಂದಿತ್ತು. ಇಲಿ ಒಳಗೆ ಬಂದಿತ್ತು, ನಾನು ಕಸಕ್ಕೆ ಹೋಗಿದ್ದೆ.

"ನಂಬರಿನ ಮುಂದ ಊರ ಹೆಸರು ಹಾಕ್ರಿ," ಅಂದ ಎಂಜಿನಿಯರು. "ಹಡಗಲಿ ಒಂದು, ಹರಪನಹಳ್ಳಿ ಒಂದು. ಬೆರಿಯಂಗಿಲ್ಲ."

"ಎಂಥಾ ತಲಿ," ಎಂದು ಸಾಹೇಬರು ಅವನಿಗೆ ಮಿರ್ಚಿ, ಚಹಾ ತರಿಸಿದರು. ತಂದವಳು ನಾನೇ. ಇದನ್ನೇ ಮಾಡಿದ್ದ ನನ್ನ ಮಗಳಿಗೆ ಯಾರೂ ಮಿರ್ಚಿ ಕೊಟ್ಟಿರಲಿಲ್ಲ.

ವರ್ಗವಾಯಿತು. ಬಾಗಳಿಗೆ ಬಂದು ಮಗಳನ್ನು ಬೆಳೆಸಿದೆ. ಬಂದ ಮೇಲೂ ನಾನು ಕೂಡ್ಲಿಗಿ ಅವ್ವನೇ. ಅತ್ತೆ ಸತ್ತು ಬಹಳ ವರ್ಷವಾಯಿತು.

"ಈಗ ಅವ್ವ ಅಂದ್ರ ನಾನೊಬ್ಬಾಕಿನ. ಊರ ಹೆಸರು ಯಾಕಲೇ?" ಎಂದು ಒಮ್ಮೆ ಮಗಳ ಮೇಲೆ ರೇಗಿದ್ದೆ.

"ಇರ್ಲಿ ಬಿಡಬೇ. ಬಾಯಿಗೆ ಕುಂತೈತಿ," ಅಂದಿದ್ದಳು.

ಇವತ್ತು ಆ ಗುಲಾಬಿಯನ್ನು ನಾನೂ ಮಗಳಿಗೆ ಕಳಿಸಿದೆ. ಅವಳು ರೊಟ್ಟಿ ಬಡಿಯುತ್ತಿದ್ದಳು. ಪಕ್ಕದಲ್ಲಿದ್ದ ಅವಳ ಫೋನು ಬೆಳಗಿತು. ಕಳಿಸಿದವರ ಹೆಸರನ್ನು ಅಕ್ಷರ ಕೂಡಿಸಿ ಕೂಡಿಸಿ ಓದಿದೆ: ಕೂಡ್ಲಿಗಿ ಅವ್ವ. ಆ ಊರ ಹೆಸರು ಅಳಿಸು ಅನ್ನಲು ಬಾಯಿ ತೆರೆದವಳು ರೊಟ್ಟಿ ಕೊಡು ಅಂದೆ. ಊರ ಹೆಸರಿಲ್ಲದೆ ಹೋದ ಕಾಗದದ ಗತಿ ನಾನು ಕಂಡಿದ್ದೇನೆ.