ಕಮರಿಗೆ ಪ್ಲಾಸ್ಟರು ಹೊತ್ತವಳು

ಹಲ್ಲಿಲ್ಲದವರಿಗೆ ಹಲ್ಲು ಕಟ್ಟಿಕೊಟ್ಟೇ ಅವಳ ತಲೆ ಬೆಳ್ಳಗಾಗಿತ್ತು. ಅರ್ಧ ವಯಸ್ಸಿಗೆ, ಇನ್ನರ್ಧ ಪ್ಲಾಸ್ಟರ್ ಪುಡಿಗೆ. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಹಿಂದಿನ ಮೆಟ್ಟಿಲು ಹತ್ತಿದರೆ ಅವಳ ಕೆಲಸದ ಕೋಣೆ. ಸದಾ ಕಟ್ಟಿಕೊಳ್ಳುವ ಸಿಂಕು, ಬಿಳಿ ಧೂಳು ಮೆತ್ತಿದ ಕಿಟಕಿ, ಹಲಗೆಗಳ ಮೇಲೆ ಸಾಲಾಗಿ ಅರ್ಧ ಊರಿನ ದವಡೆ. ಹೊಗಳಿಸಿಕೊಳ್ಳುವವರು ಕೆಳಗಿನ ಡಾಕ್ಟರು. ತನ್ನ ನಗುವನ್ನು ಮಾಡಿದವರು ಯಾರೆಂದು ನಗುವವನಿಗೆ ಗೊತ್ತಿಲ್ಲ, ಗೊತ್ತಾಗಬೇಕೆಂಬ ತೆವಲೂ ಇಲ್ಲ. ಮನೆಯವರಿಗೆ ಅವಳು ಹಲ್ಲಮ್ಮ.

ಕೆಲಸದ ಕ್ರಮ ಸರಳ. ರೋಗಿಯ ಬಾಯಿಂದ ತೆಗೆದ ಮೆತ್ತನೆಯ ಅಚ್ಚು ಮೇಲಕ್ಕೆ ಬರುತ್ತದೆ. ಅದರ ತಗ್ಗಿನೊಳಗೆ ಪ್ಲಾಸ್ಟರು ಎರೆಯಬೇಕು, ಗಟ್ಟಿಯಾದ ಮೇಲೆ ಅಚ್ಚನ್ನು ಸುಲಿದು ಬುಟ್ಟಿಗೆ ಎಸೆಯಬೇಕು. ಉಳಿಯಬೇಕಾದ್ದು ಎರಕ, ಅಚ್ಚಿನ ಗತಿಯನ್ನು ಯಾರೂ ಕೇಳುವುದಿಲ್ಲ. ಇಷ್ಟು ವರ್ಷ ಇದನ್ನೇ ಮಾಡಿದವಳಿಗೆ ಎಲ್ಲೇ ತಗ್ಗು ಕಂಡರೂ ಅದರಿಂದ ಎದ್ದುಬರುವ ಉಬ್ಬು ಮೊದಲು ಕಾಣುತ್ತಿತ್ತು.

ಹೋದ ವರ್ಷ ಅಕ್ಕ-ಭಾವನ ಜೊತೆ ದೂರದ ಮರಳುಗಲ್ಲಿನ ಕಮರಿಗೆ ಹೋಗಿದ್ದಾಗ ಆದದ್ದೂ ಅದೇ. ಬಸ್ಸು ನಿಲ್ಲುವಲ್ಲಿಂದ ಇಡೀ ಹಗಲು ನಡಿಗೆ. ಹೊಳೆಯ ಪಕ್ಕ ಟೆಂಟು. ಬೆಳಗ್ಗೆ ಮುಖ ತೊಳೆಯಲು ಹೋದವಳು ಹೊಳೆಯ ತಿರುವಿನ ಚಪ್ಪಡಿಯ ಮೇಲೆ ತಗ್ಗುಗಳ ಸಾಲೊಂದನ್ನು ಕಂಡಳು. ಒಂದೊಂದಕ್ಕೂ ಮೂರು ಬೆರಳು. ಯಾವುದೋ ಪ್ರಾಣಿ ಕೆಸರಿನಲ್ಲಿ ನಡೆದುಹೋಗಿತ್ತು, ಕೆಸರು ಕಲ್ಲಾಗಿತ್ತು. ಊರಿಗೆ ಬಂದು ಊಟಕ್ಕೆ ಕೂತಾಗ ಹೇಳಿದಳು. ಫೋನಿನಲ್ಲಿ ತೆಗೆದಿದ್ದ ಫೋಟೋದಲ್ಲಿ ತಗ್ಗೆಲ್ಲ ಬೊಕ್ಕೆಯಂತೆ ಉಬ್ಬಿ ಕಂಡಿತು. ಅವಳ ತಮ್ಮ ಫೋನು ತಿರುಗಿಸಿ ತಿರುಗಿಸಿ ನೋಡಿ, "ನೀರು ಕೊರೆದ ಗುಂಡಿ ಕಣೇ ಇದು. ಸುಳ್ಳು ಹಲ್ಲು ಕಟ್ಟೋರು ಸುಳ್ಳು ಹೆಜ್ಜೇನೂ ಕಟ್ತಾರೆ," ಎಂದ. ಎಲ್ಲರೂ ನಕ್ಕರು. ನಗೆಗೇನು, ಕಾಸು ಖರ್ಚೇ? ಅವಳಿಗೆ ಮಾತ್ರ ವರ್ಷವಿಡೀ ಅದು ಹಲ್ಲಿನ ಸಂದಿಗೆ ಸಿಕ್ಕ ನಾರಾಯಿತು. ನಿಜಕ್ಕೂ ಕಾಲೇ? ಯಾರ ಕಾಲು? ಎತ್ತ ಹೊರಟಿತ್ತು?

ಈ ವರ್ಷ ಮತ್ತೆ ಹೊರಟಾಗ ಅವಳ ಚೀಲದಲ್ಲಿ ಪ್ಲಾಸ್ಟರು ತುಂಬಿದ ಡಬ್ಬಿಯಿತ್ತು. "ಬೆಟ್ಟಕ್ಕೆ ಹಲ್ಲು ಕಟ್ಟೋಕೆ ಹೊರಟ್ಯಾ?" ಎಂದಳು ಅಕ್ಕ. ಬಸ್ಸಿಳಿದ ಮೇಲೆ ಡಬ್ಬಿಯನ್ನು ಹೊತ್ತದ್ದು ಭಾವ. ಕಾರು ಕಲಿಸುವ ಕೆಲಸ ಅವನದು. ಕಲಿಯುವವರ ಪಕ್ಕದಲ್ಲಿ ಕೂತು ಆಡಿಸಿದ ಬಾಯಿ ಏರುದಾರಿಯಲ್ಲೂ ನಿಲ್ಲಲಿಲ್ಲ.

ಕಮರಿಯ ಗೋಡೆಗಳು ಕೆಂಪು, ಜೇನು, ಬೂದಿ ಬಣ್ಣದ ಪದರಗಳಲ್ಲಿ ಎರಡೂ ಕಡೆ ಎದ್ದಿದ್ದವು. ಕೈಯಾಡಿಸಿದರೆ ಹಿಟ್ಟಿನಂತೆ ಮರಳು ಉದುರುತ್ತಿತ್ತು. ಕಮರಿಯ ಬಾಯಲ್ಲೇ ಕೈಗೆಟಕುವಷ್ಟು ಎತ್ತರಕ್ಕೂ ಹೆಸರು ಕೊರೆದಿದ್ದರು. ಹೆಸರಿನ ಪಕ್ಕ ಹೃದಯ, ಹೃದಯಕ್ಕೆ ಬಾಣ. ಬದುಕಿನಲ್ಲಿ ಹೆಸರು ಉಳಿಯುವಂಥದ್ದು ಒಂದೂ ಮಾಡದವರಿಗೆ ಉಳಿ ಮಾತ್ರ ಚೆನ್ನಾಗಿ ಹಿಡಿಯಲು ಬರುತ್ತದೆ. ಅವಳು ಹಲ್ಲು ಕಡಿದು ಅವರನ್ನು ಬೈಯುತ್ತಲೇ ಒಳಗೆ ನಡೆದಳು.

ಚಪ್ಪಡಿ ಅಲ್ಲೇ ಇತ್ತು. ಓರೆ ಬಿಸಿಲಿಗೆ ಬೆರಳುಗಳ ನೆರಳು ಚೂಪಾಗಿ ಬಿದ್ದಿತ್ತು. ಮಂಡಿಯೂರಿ ಪ್ಲಾಸ್ಟರು ಕಲಸಿದಳು, ಗುಳ್ಳೆ ಬಾರದಂತೆ ಬಟ್ಟಲು ಕುಟ್ಟಿದಳು, ಎಲ್ಲಕ್ಕಿಂತ ಸ್ಪಷ್ಟವಾಗಿದ್ದ ಹೆಜ್ಜೆಗೆ ಎರೆದಳು. ಗಾರೆಯ ಮೇಲೆ ಗಾರೆ ಎರೆಯುವಾಗ ಅಂಟಿಕೊಳ್ಳದಂತೆ ನಡುವೆ ಸೋಪು ಬಳಿಯಬೇಕೆಂದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಅದು ಎರಡೂ ಉಳಿಯಬೇಕಾದಾಗ. ಎಸೆಯುವ ಅಚ್ಚಿಗೆ ಯಾರು ಸೋಪು ಬಳಿಯುತ್ತಾರೆ?

ಪ್ಲಾಸ್ಟರು ಬಿಸಿಯಾಗಿ, ಆರಿ, ಬಿಗಿಯಿತು. ಅಲುಗಿಸಿ ಎತ್ತಿದಳು. ಕೈಯಲ್ಲಿ ಪಾದ ಬಂತು: ಮೂರು ಬೆರಳು, ಉಗುರಿನ ಮೊನೆ, ಹಿಮ್ಮಡಿಯ ದಿಂಡು. ಮೈಯೆಲ್ಲ ಕೆಂಪು. ಆ ಕೆಂಪು, ಪ್ಲಾಸ್ಟರಿಗೆ ಅಂಟಿ ಸುಲಿದು ಬಂದ ಕಲ್ಲಿನ ಚರ್ಮ. ಕೆಳಗೆ, ಹೆಜ್ಜೆ ಇದ್ದ ಕಡೆ, ಆಕಾರವಿಲ್ಲದ ಹಸಿ ಗುಂಡಿ.

ಭಾವ ಪಾದವನ್ನು ತಿರುಗಿಸಿ ತಿರುಗಿಸಿ ನೋಡಿದ. ಆಮೇಲೆ, "ಕಾಲೇ ಕಣಮ್ಮ ಇದು," ಎಂದ. "ಇನ್ನೊಂದು ತೆಗಿ. ನನ್ನ ಆಫೀಸಿನ ಟೇಬಲ್ ಮೇಲಿಡ್ತೀನಿ. ಬಂದೋರೆಲ್ಲ ಎಲ್ಲಿದು ಅಂತ ಕೇಳ್ಬೇಕು."

"ಕೇಳಿದ್ರೆ ಬರ್ತಾರೆ ಭಾವ. ಬಂದೋರು ನನ್ನ ಹಾಗೇ ಏನಾದ್ರೂ ಕಿತ್ಕೊಂಡು ಹೋಗ್ತಾರೆ."

"ಅಯ್ಯೋ, ನೀನು ಬೇಕಂತ ಮಾಡಿದ್ಯಾ?"

"ಬೇಕಂತ ಮಾಡ್ಲಿಲ್ಲ ಅಂತ ಅವರೂ ಅಂದ್ಕೋತಾರೆ."

ಉಳಿದ ಹೆಜ್ಜೆಗಳ ಪಕ್ಕ, ಒಂದನ್ನೂ ತುಳಿಯದೆ, ಅವಳು ನಡೆದಳು. ಸಾಲು ನೇರ ಗೋಡೆಯ ಬುಡಕ್ಕೆ ಹೋಗಿ, ಚಪ್ಪಡಿಯೊಂದಿಗೇ ಬೆಟ್ಟದ ಕೆಳಗೆ ಸೇರಿಬಿಟ್ಟಿತ್ತು. ಅಲ್ಲಿ ತೆಳ್ಳನೆಯ ಸಂದು. ಕೆನ್ನೆಯನ್ನು ಕಲ್ಲಿಗೆ ಆನಿಸಿ ಮಲಗಿ, ಟಾರ್ಚು ಬಿಟ್ಟಳು. ಮೇಲಿನ ಪದರದ ಹೊಟ್ಟೆಯಿಂದ ಮೂರು ಬೆರಳಿನ ಪಾದವೊಂದು ಕೆಳಮುಖವಾಗಿ ಉಬ್ಬಿ ನಿಂತಿತ್ತು. ಹಳೆಯ ಹೆಜ್ಜೆಯೊಳಗೆ ಯಾವ ಕಾಲದಲ್ಲೋ ಮರಳು ತುಂಬಿ, ಮರಳು ಕಲ್ಲಾಗಿ, ಎರಕ ತಾನೇ ಸಿದ್ಧವಾಗಿತ್ತು. ಅವಳು ತಂದ ಪ್ಲಾಸ್ಟರು ಬೇಕೇ ಇರಲಿಲ್ಲ. ಕೆಡಿಸುವ ಮುಂಚೆ ನಾಲ್ಕು ಹೆಜ್ಜೆ ನಡೆದು ಬಗ್ಗಿ ನೋಡಿದ್ದರೆ ಸಾಕಿತ್ತು.

ಅಕ್ಕ ಬಂದು ಪಕ್ಕದಲ್ಲಿ ಮಲಗಿ ನೋಡಿದಳು. ಇಬ್ಬರೂ ಬಹಳ ಹೊತ್ತು ಏಳಲಿಲ್ಲ. ಯಾರಿಗೂ ಹೇಳುವುದಿಲ್ಲವೆಂದು ಭಾವನಿಂದ ಆಣೆ ಹಾಕಿಸಿಕೊಳ್ಳುವ ಕೆಲಸ ಅಕ್ಕನದಾಯಿತು.

ಭಾನುವಾರ ಎಲ್ಲರೂ ಊಟಕ್ಕೆ ಸೇರಿದಾಗ ತಮ್ಮ ಕಾದೇ ಕೂತಿದ್ದ. "ಸಿಕ್ತೇನೇ ನಿನ್ನ ಪ್ರಾಣಿ?"

ಕೆಂಪು ಪಾದ ಅವಳ ಕೋಣೆಯ ಮೇಲ್ಹಲಗೆಯಲ್ಲಿ ಟವೆಲಿನೊಳಗಿತ್ತು. ತಂದು ತಟ್ಟೆಯ ಪಕ್ಕ ಇಟ್ಟಿದ್ದರೆ ಅವನ ಬಾಯಿ ಜನ್ಮಕ್ಕೆ ಮುಚ್ಚುತ್ತಿತ್ತು. ಸಂಜೆಯೊಳಗೆ ಊರಿಗೆಲ್ಲ ದಾರಿಯೂ ಗೊತ್ತಾಗುತ್ತಿತ್ತು.

"ನೀನು ಹೇಳಿದ್ದೇ ಸರಿ ಕಣೋ. ನೀರಿನ ಗುಂಡಿ."

ತಮ್ಮ ಗೆದ್ದವನಂತೆ ಸುತ್ತ ನೋಡಿದ. ಭಾವ ನೀರಿನ ಲೋಟ ಎತ್ತಿ, ತಳ ಕಾಣುವವರೆಗೂ ಬಾಯಿಂದ ಇಳಿಸಲಿಲ್ಲ.

ತಟ್ಟೆ ತೊಳೆಯುವಾಗ ಅಕ್ಕ ಮೆಲ್ಲಗೆ ಕೇಳಿದಳು, ಹೊಟ್ಟೆ ಉರೀಲಿಲ್ವಾ ಎಂದು.

"ಉರೀತು," ಎಂದಳು. ಆಮೇಲೆ, ಕೈಯಲ್ಲಿನ ತಟ್ಟೆ ಹಾಗೇ ಹಿಡಿದು, "ಅಕ್ಕ, ಆ ಒಳಗಿನ ಕಾಲು ಸ್ವಲ್ಪ ಎಡಕ್ಕೆ ತಿರುಗಿತ್ತು, ನೋಡಿದ್ಯಾ? ಅಲ್ಲಿ ಏನೋ ಕಂಡಿರ್ಬೇಕು ಅದಕ್ಕೆ."